ಗೋಪ್ಯ ಸಭೆಯ ಬೀಗ

ಮಾನವ ಹಕ್ಕುಗಳ ಸ್ಥಳೀಯ ಸಲಹಾ ಆಯೋಗಕ್ಕಿದ್ದ ಅಧಿಕಾರ ಒಂದೇ, ಸಲಹೆ ಕೊಡುವುದು. ಕೇಳಿದವರಿಗೂ ಕೊಡಬಹುದಿತ್ತು, ಕೇಳದವರಿಗೂ ಕೊಡಬಹುದಿತ್ತು. ತೆಗೆದುಕೊಳ್ಳಲೇಬೇಕು ಎಂದು ಮಾತ್ರ ಯಾರಿಗೂ ಹೇಳುವಂತಿರಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಗಾದೆಯನ್ನು ಆಯೋಗ ತನ್ನ ಅನುಕೂಲಕ್ಕೆ ಸ್ವಲ್ಪ ತಿದ್ದಿಕೊಂಡಿತ್ತು: ಕೋಲೂ ಮುರಿಯಬಾರದು, ಹಾವಿಗೂ ಬೇಜಾರಾಗಬಾರದು.

ಇಂಥ ಆಯೋಗಕ್ಕೆ ಬ್ರೇಕಕ್ಕ ಹೇಗೆ ಸದಸ್ಯೆಯಾದಳು ಎಂದು ಕೇಳಿದರೆ ಅವಳೇ ನಗುತ್ತಿದ್ದಳು. ಅವಳದು ಡ್ರೈವಿಂಗ್ ಸ್ಕೂಲು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಕೆಳಗಿದ್ದ ಎರಡನೇ ಬ್ರೇಕನ್ನು ಒತ್ತಿ ಒತ್ತಿ ಆ ಹೆಸರು ಬಂದಿತ್ತು. ನಗರಸಭೆ ಅಧ್ಯಕ್ಷರ ಹೆಂಡತಿ ಅವಳ ಕೈಯಲ್ಲಿ ಕಲಿತು, ಯಾವ ಗೋಡೆಗೂ ಗುದ್ದದೆ ಲೈಸೆನ್ಸ್ ಪಡೆದಿದ್ದರು. ಆಯೋಗದಲ್ಲಿ ‘ಸಣ್ಣ ಉದ್ಯಮದ ಮಹಿಳೆ’ ಎಂಬ ಕುರ್ಚಿ ಖಾಲಿ ಬಿದ್ದಾಗ ಆ ಸಂತೋಷಕ್ಕೆ ಇವಳ ಹೆಸರು ಹೋಯಿತು. ಮೊದಲ ಸಭೆಯಲ್ಲೇ ಅವಳಿಗೆ ಒಂದು ಅಭ್ಯಾಸ ಅಂಟಿಕೊಂಡಿತು. ಯಾರಾದರೂ ಮಾತು ಶುರು ಮಾಡಿ ನಿಲ್ಲಿಸದೇ ಹೋದರೆ ಮೇಜಿನ ಕೆಳಗೆ ಅವಳ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ನಿಲ್ಲುತ್ತಿರಲಿಲ್ಲ, ಅದು ಬೇರೆ ಮಾತು.

ಸಭೆ ನಡೆಯುತ್ತಿದ್ದದ್ದು ನಗರಸಭೆಯ ಹಳೆಯ ಖಜಾನೆ ಕೋಣೆಯಲ್ಲಿ. ಆನೆ ಗುದ್ದಿದರೂ ಅಲುಗದ ಬಾಗಿಲು, ಹೊರಗಡೆಯಿಂದ ಹಾಕುವ ಕಬ್ಬಿಣದ ಪಟ್ಟಿ, ಕಿಟಕಿಗೆ ಸರಳು. ಹಿಂದೆ ಜನ ತೆರಿಗೆ ಕಟ್ಟುತ್ತಿದ್ದ ಒಂದು ಸಣ್ಣ ಕಿಂಡಿ ಗೋಡೆಯಲ್ಲಿ ಹಾಗೇ ಉಳಿದಿತ್ತು. ಈಗ ಅಟೆಂಡರು ಅದರಲ್ಲಿ ಟೀ ಗ್ಲಾಸು ತೂರಿಸುತ್ತಿದ್ದ. ಆಯೋಗದ ಅಧ್ಯಕ್ಷರು ನಿವೃತ್ತ ಪ್ರಿನ್ಸಿಪಾಲರು. ಅವರ ಬಾಯಿಂದ ಹೊರಡುವ ಪ್ರತಿ ವಾಕ್ಯವೂ ‘ಪರಿಗಣಿಸಬಹುದು’ ಎಂಬಲ್ಲಿಗೆ ಬಂದು ಕೂರುತ್ತಿತ್ತು. ಒಬ್ಬರು ವಕೀಲರು, ನಿಯಮಗಳೆಲ್ಲ ಅವರದೇ ಹೆರಿಗೆ. ಒಬ್ಬರು ಹಲ್ಲಿನ ಡಾಕ್ಟರು. ದಿನವಿಡೀ ಬಾಯಿ ತೆರೆದವರನ್ನೇ ನೋಡುವುದರಿಂದಲೋ ಏನೋ, ಯಾರೇ ಬಾಯಿ ತೆರೆದರೂ ತಲೆ ಆಡಿಸುತ್ತಿದ್ದರು. ಮತ್ತೊಬ್ಬರು ‘ಉದ್ಯೋಗದಾತರ ಪ್ರತಿನಿಧಿ’, ಅಂದರೆ ದೊಡ್ಡ ಲಾಂಡ್ರಿಯ ಸಾಹುಕಾರರು. ಊರಿನ ಆಸ್ಪತ್ರೆಯ ಬೆಡ್‌ಶೀಟುಗಳೆಲ್ಲ ಒಗೆದು ಇಸ್ತ್ರಿಯಾಗುತ್ತಿದ್ದದ್ದು ಅವರಲ್ಲೇ.

ವಕೀಲರು ಹೆತ್ತ ನಿಯಮಗಳಲ್ಲಿ ಎರಡು ಮುಖ್ಯವಾದವು. ಒಂದು, ಯಾವ ವಿಷಯದಲ್ಲಿ ಯಾವ ಸದಸ್ಯರಿಗೆ ಸಂಬಂಧವಿದೆಯೋ ಆ ಸದಸ್ಯರು ಚರ್ಚೆಯ ಹೊತ್ತಿಗೆ ಹೊರಗೆ ಹೋಗಬೇಕು. ಎರಡು, ಚರ್ಚೆ ಗೋಪ್ಯವಾಗಿರಬೇಕು. ಒಮ್ಮೆ ಪತ್ರಿಕೆಯವನೊಬ್ಬ ನಡುವೆ ನುಗ್ಗಿದ್ದರಿಂದ ಬಾಗಿಲಿಗೆ ಹೊರಗಡೆ ಬೀಗ ಹಾಕುವ ಪದ್ಧತಿ ಬಂತು. ಫೋನುಗಳೆಲ್ಲ ಹೊರಗೆ ಬುಟ್ಟಿಯಲ್ಲಿ. ಹೊರಗೆ ಹೋದ ಸದಸ್ಯರಿಗೆ ನಮ್ಮನ್ನು ಬಿಟ್ಟುಬಿಟ್ಟರು ಎಂಬ ನೋವಾಗಬಾರದಲ್ಲ, ಅದಕ್ಕೆ ಬೀಗ, ಕೀ, ಬುಟ್ಟಿ ಮೂರರ ಉಸ್ತುವಾರಿಯೂ ಅವರಿಗೇ. ‘ಹೊರಗಿದ್ದೂ ಒಳಗೊಂಡಂತೆ’ ಎಂದು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸಿದ್ದರು.

ಈ ಸೌಭಾಗ್ಯ ಇತ್ತೀಚೆಗೆ ಬ್ರೇಕಕ್ಕನ ಪಾಲಿಗೇ ಬರುತ್ತಿತ್ತು. ಕಾರಣ ಲಾಂಡ್ರಿಯ ಹೆಂಗಸರ ದೂರು. ಬೆಡ್‌ಶೀಟು ಕಳುವಾಗುತ್ತವೆ ಎಂದು ಸಾಹುಕಾರರು ಕೆಲಸದ ಹೊತ್ತಿನಲ್ಲಿ ಶಟರು ಎಳೆದು, ಹೊರಗಿನಿಂದ ಬೀಗ ಜಡಿದು, ಕೀಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಮಧ್ಯಾಹ್ನದವರೆಗೆ ಯಾರೂ ಹೊರಗೆ ಬರುವಂತಿಲ್ಲ. ಕಕ್ಕಸು ಇದ್ದದ್ದು ಅಂಗಳದಲ್ಲಿ, ಅಂದರೆ ಬೀಗದ ಆಚೆ. ದೂರಿಗೆ ಸಹಿ ಹಾಕಿದವರಲ್ಲಿ ಬ್ರೇಕಕ್ಕನ ತಂಗಿಯೂ ಒಬ್ಬಳು.

"ನಿಮ್ಮ ತಂಗಿ ಅಲ್ಲಿದ್ದಾರೆ, ಅದಕ್ಕೆ ನೀವು ಹೊರಗೆ ಹೋಗಬೇಕು ಮೇಡಂ," ಎಂದಿದ್ದರು ವಕೀಲರು.

"ಲಾಂಡ್ರಿ ಅವರದೇ ಅಲ್ವಾ? ಅವರು ಒಳಗೆ ಕೂರಬಹುದಾ?"

"ಅವರದು ಅನುಭವ. ನಿಮ್ಮದು ರಕ್ತಸಂಬಂಧ."

ಹಲ್ಲಿನ ಡಾಕ್ಟರು ತಲೆ ಆಡಿಸಿದ್ದರು. ಬ್ರೇಕಕ್ಕ ಎದ್ದು ಹೋಗಿ, ಬೀಗ ಹಾಕಿ, ಸ್ಟೂಲಿನ ಮೇಲೆ ಕೂತಿದ್ದಳು. ಕುರಿ ಕಾಯುವ ಕೆಲಸ ತೋಳಕ್ಕೆ, ಬೇಲಿ ಕಾಯುವ ಕೆಲಸ ಕುರಿಯ ಅಕ್ಕನಿಗೆ.

ಅದು ಹೋದ ಸಭೆಯ ಮಾತು. ಅವತ್ತು ಅವಳು ಹೊರಗೆ ಕೂತಿದ್ದಾಗ ಬುಟ್ಟಿಯಲ್ಲಿದ್ದ ಒಂದು ಫೋನು ಬಡಿದುಕೊಳ್ಳತೊಡಗಿತು. ನಿಂತಿತು, ಮತ್ತೆ ಬಡಿದುಕೊಂಡಿತು. ಪರರ ಫೋನು ಮುಟ್ಟಬಾರದು ಎಂದು ಬ್ರೇಕಕ್ಕ ಕೈಕಟ್ಟಿ ಕೂತಳು. ಸಂಜೆ ಮನೆಗೆ ಹೋದರೆ ತಂಗಿಯ ಬಲಗೈ ಮೊಣಕೈವರೆಗೆ ಬ್ಯಾಂಡೇಜಿನಲ್ಲಿತ್ತು. ಇಸ್ತ್ರಿ ಯಂತ್ರದ ಪೈಪು ಬಿರುಕು ಬಿಟ್ಟು ಹಬೆ ಕೋಣೆ ತುಂಬಿದ್ದಾಗ ಹೆಂಗಸರು ಶಟರು ಬಡಿದಿದ್ದರು, ಹೊರಗಿದ್ದ ಮೇಸ್ತ್ರಿ ಸಾಹುಕಾರರಿಗೆ ಫೋನು ಮಾಡಿದ್ದ. ಸಾಹುಕಾರರು ಆ ಹೊತ್ತಿಗೆ ಜೇಬಿನಲ್ಲಿ ಕೀ ಇಟ್ಟುಕೊಂಡು ಅದೇ ಹೆಂಗಸರ ಹಕ್ಕುಗಳ ಬಗ್ಗೆ ಚರ್ಚಿಸುತ್ತಿದ್ದರು. ಫೋನು ಬ್ರೇಕಕ್ಕನ ಕಾಲಬುಡದಲ್ಲಿತ್ತು.

"ನಿಂದೇನು ತಪ್ಪು ಬಿಡಕ್ಕ," ಎಂದಳು ತಂಗಿ. ಬ್ರೇಕಕ್ಕನಿಗೆ ಆ ಮಾತೇ ಚುಚ್ಚಿತು. ಕೆಲಸ ಬಿಡೆಂದು ಹೇಳಿದಳು. ತಂಗಿಗೆ ಸಿಟ್ಟು ಬಂತು. "ನಾನು ಬಿಟ್ರೆ ಇನ್ನೊಬ್ಬಳು ಬರ್ತಾಳೆ. ಅವಳಿಗೆ ಆಯೋಗದಲ್ಲಿ ಅಕ್ಕನೂ ಇರಲ್ಲ."

ಪೈಪಿಗೆ ಬಟ್ಟೆ ಸುತ್ತಿ ತಂತಿ ಬಿಗಿದರು, ಕೆಲಸ ಮುಂದುವರಿಯಿತು. ಬೀಗವೂ ಮುಂದುವರಿಯಿತು.

ಇವತ್ತಿನ ಸಭೆಗೆ ಆಯೋಗ ಬಹಳ ಹುರುಪಿನಿಂದ ಬಂದಿತ್ತು. ಸಲಹೆಯ ಕರಡು ಸಿದ್ಧವಾಗಿತ್ತು. "ಬೀಗ ಹಾಕುವಾಗ ಕೆಲಸಗಾರರ ಘನತೆಯನ್ನು ಗಮನದಲ್ಲಿಡುವುದನ್ನು ಪರಿಗಣಿಸಬಹುದು," ಎಂದು ಅಧ್ಯಕ್ಷರು ಓದಿದರು. ಘನತೆಯಿಂದ ಬೀಗ ಹಾಕುವುದು ಹೇಗೆ ಎಂದು ಬ್ರೇಕಕ್ಕ ಕೇಳುವಷ್ಟರಲ್ಲಿ ವಕೀಲರು ಬಾಗಿಲ ಕಡೆ ಕೈ ತೋರಿಸಿದರು. ಅವಳು ಬುಟ್ಟಿ ಎತ್ತಿಕೊಂಡು ಹೊರಗೆ ಬಂದಳು. ಪಟ್ಟಿ ಎಳೆದು ಬೀಗ ಒತ್ತಿದಳು. ಅಟೆಂಡರು ಕಿಂಡಿಯಲ್ಲಿ ಟೀ ಒಳಗೆ ಬಿಟ್ಟ. ಅಧ್ಯಕ್ಷರು ಎರಡನೇ ಗ್ಲಾಸನ್ನೂ ಕೇಳಿ ಪಡೆದರು.

ಬುಟ್ಟಿಯಲ್ಲಿ ಫೋನು ಬಡಿದುಕೊಂಡಿತು.

ಬ್ರೇಕಕ್ಕ ಈ ಸಲ ಕೈಕಟ್ಟಿ ಕೂರಲಿಲ್ಲ. ಪರದೆಯ ಮೇಲೆ ‘ಮೇಸ್ತ್ರಿ’ ಎಂದಿತ್ತು. ಎತ್ತಿದಳು.

"ಸಾಹುಕಾರ್ರೇ, ಪೈಪು ಪೂರ್ತಿ ಒಡೀತು! ಒಳಗೆ ಏನೂ ಕಾಣಿಸ್ತಿಲ್ವಂತೆ. ಎಲ್ಲಾ ಶಟರ್ ಹತ್ರ ಬಂದು ಬಡೀತಿದ್ದಾರೆ. ಕೀ ಕಳಿಸಿ!"

"ಬೀಗ ಒಡಿಯಪ್ಪ!"

"ಯಾರು? ಅಕ್ಕೋರಾ? ಒಡೆದ್ರೆ ನನ್ನ ಕೆಲಸ ಹೋಗುತ್ತೆ ಅಕ್ಕೋರೇ. ಒಡೆಯೋಕೆ ನನ್ನ ಹತ್ರ ಏನೂ ಇಲ್ಲ ಬೇರೆ. ಕೀ ತನ್ನಿ!"

ಅವನ ಮಾತಿನ ಹಿಂದೆ ತಗಡು ಬಡಿಯುವ ಸದ್ದು ಕೇಳಿಸುತ್ತಿತ್ತು. ಅದರಲ್ಲಿ ಬ್ಯಾಂಡೇಜಿನ ಕೈ ಯಾವುದು ಎಂದು ಬ್ರೇಕಕ್ಕನಿಗೆ ಯೋಚನೆ ಬಂತು. ಕಿಂಡಿಗೆ ಬಾಯಿಟ್ಟು ಕೂಗಿದಳು.

"ಸಾಹುಕಾರ್ರೇ, ಪೈಪು ಒಡೆದಿದೆ. ಶಟರ್ ಕೀ ಕೊಡಿ, ಬೇಗ!"

ಒಳಗಿನಿಂದ ವಕೀಲರ ದನಿ ಬಂತು. "ಮೇಡಂ, ಈ ವಿಷಯದಲ್ಲಿ ನೀವು ಹೊರಗಿದ್ದೀರಿ. ಈ ವಿಷಯ ನೀವು ಎತ್ತೋ ಹಾಗಿಲ್ಲ."

"ವಿಷಯ ಎತ್ತಿಲ್ಲ ಸ್ವಾಮಿ, ಕೀ ಕೇಳ್ತಿದ್ದೀನಿ."

"ಕೀನೇ ವಿಷಯ."

"ವಾರಕ್ಕೊಂದ್ಸಲ ಇದೇ ನಾಟಕ," ಎಂದರು ಸಾಹುಕಾರರು. "ಹೊರಗೆ ಬರೋಕೊಂದು ನೆವ. ಹೋದ್ಸಲಾನೂ ಹೀಗೇ ಕಿರುಚಿದ್ರು. ಏನಾಯ್ತು? ಒಬ್ಬಳಿಗೆ ಕೈಗೆ ಸ್ವಲ್ಪ ಬಿಸಿ ತಾಗಿತು, ಅಷ್ಟೆ."

"ಹೆಂಗಸರ ಗಾಬರಿ ನಮಗೆ ಅರ್ಥ ಆಗುತ್ತೆ," ಎಂದರು ಹಲ್ಲಿನ ಡಾಕ್ಟರು. "ಸಾಹುಕಾರ್ರ ಗಾಬರೀನೂ ಅರ್ಥ ಮಾಡ್ಕೋಬೇಕಲ್ವಾ?"

ಅಧ್ಯಕ್ಷರು ಕಿಂಡಿಯ ಹತ್ತಿರ ಬಂದರು. ಅವರ ಕನ್ನಡಕ ಮಾತ್ರ ಕಾಣಿಸಿತು. "ಅಮ್ಮಾ, ನಾವು ಅದರ ಮೇಲೇ ಚರ್ಚೆ ಮಾಡ್ತಿದ್ದೀವಿ. ಸಲಹೆ ಬಹಳ ಚೆನ್ನಾಗಿ ಬರ್ತಿದೆ. ಸ್ವಲ್ಪ ತಾಳ್ಮೆಯನ್ನು ಪರಿಗಣಿಸಬಹುದು."

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದವರನ್ನು ಜನ ಆಡಿಕೊಳ್ಳುತ್ತಾರೆ. ಪಾಪ, ಅವರು ತೋಡಿಯಾದರೂ ತೋಡಿದರು. ಇವರು ಗುದ್ದಲಿಗೆ ಯಾವ ಪದ ಬಳಸಬೇಕು ಎಂದು ಕೂತಿದ್ದರು. ಬ್ರೇಕಕ್ಕನ ಬಲಗಾಲು ನೆಲವನ್ನು ಒತ್ತಿತು. ನೆಲದಲ್ಲಿ ಬ್ರೇಕ್ ಇರಲಿಲ್ಲ. ಆದರೆ ಕೈಯಲ್ಲಿ ಖಜಾನೆ ಬಾಗಿಲಿನ ಕೀ ಇತ್ತು. ಇಷ್ಟು ದಿನ ಅದನ್ನು ಹಿಡಿದು ಕೂತಿದ್ದೂ ಅದು ಏನೆಂದು ಅವಳಿಗೆ ಹೊಳೆದಿರಲಿಲ್ಲ.

"ಸರಿ ಸರ್," ಎಂದಳು. "ನಿಮ್ಮ ಗೋಪ್ಯತೆ ನಾನು ಕೆಡಿಸಲ್ಲ. ಶಟರ್ ಕೀ ಈ ಕಿಂಡೀಲಿ ಹೊರಗೆ ಬರೋವರೆಗೂ ಈ ಬಾಗಿಲು ತೆಗೆಯಲ್ಲ."

ಒಳಗೆ ನಕ್ಕರು. ಸಾಹುಕಾರರಂತೂ ಗಟ್ಟಿಯಾಗಿ ನಕ್ಕರು. ವಕೀಲರು ಇದು ಯಾವ ಕಲಮಿಗೆ ವಿರುದ್ಧ ಎಂದು ಹೇಳತೊಡಗಿದರು. ಕಲಮುಗಳು ಸಾಕಷ್ಟಿದ್ದವು, ಕೀ ಒಂದೇ ಇತ್ತು. ನಡುವೆ ಅಧ್ಯಕ್ಷರು ಯಾಕೋ ಮಾತು ಕಡಿಮೆ ಮಾಡಿದರು. ಅವರು ಕೋಣೆಯಲ್ಲಿ ಆಚೆಯಿಂದೀಚೆಗೆ ಓಡಾಡುವ ಚಪ್ಪಲಿ ಸದ್ದು ಕೇಳಿಸಿತು. ಕನ್ನಡಕ ಮತ್ತೆ ಕಿಂಡಿಗೆ ಬಂತು, ಈ ಸಲ ಸ್ವಲ್ಪ ಕೆಳಗೆ.

"ಅಮ್ಮಾ, ನನ್ನೊಬ್ಬನನ್ನ ಬಿಡಿ. ಹೋಗಿ ಬಂದ್ಬಿಡ್ತೀನಿ."

"ಎಲ್ಲಿಗೆ ಸರ್?"

"ಎಲ್ಲಿಗೆ ಅಂದ್ರೆ... ನಂಗೆ ಸಕ್ಕರೆ ಕಾಯಿಲೆ. ಎರಡು ಟೀ ಕುಡ್ದಿದ್ದೀನಿ."

"ಗೋಪ್ಯ ಸಭೆ ಮಧ್ಯ ಬಾಗಿಲು ತೆಗೆಯೋ ಹಾಗಿಲ್ಲ ಸರ್. ನೀವೇ ಸಹಿ ಹಾಕಿದ ನಿಯಮ."

"ಇದು ಮಾನವೀಯತೆ ಪ್ರಶ್ನೆ ಕಣಮ್ಮಾ!"

"ಲಾಂಡ್ರೀಲೂ ಇದೇ ಪ್ರಶ್ನೆ ಸರ್. ದೂರಿನ ಎರಡನೇ ಪುಟದಲ್ಲಿದೆ. ಓದಿದ್ದೀರಿ ಅಂದ್ಕೊಂಡಿದ್ದೆ."

ಕನ್ನಡಕ ಮಾಯವಾಯಿತು. ಜಲಬಾಧೆಗೆ ಪದವಿಯಿಲ್ಲ, ನಿವೃತ್ತಿಯೂ ಇಲ್ಲ. ಕಿಂಡಿಯ ಆಚೆ ಅಧ್ಯಕ್ಷರ ದನಿ ಏರಿತು. "ಕೊಡ್ರೀ ಅತ್ಲಾಗೆ ಆ ಕೀ!"

ಪರಿಗಣಿಸಬಹುದು ಎಂಬ ಪದವಿಲ್ಲದೆ ಅವರ ಬಾಯಿಂದ ಹೊರಟ ಮೊದಲ ವಾಕ್ಯ ಅದು. ಹೊರಗೆ ಅಟೆಂಡರು ಬೆಚ್ಚಿ ಟ್ರೇ ಹಿಡಿದುಕೊಂಡ.

"ಇದು ಬಲವಂತ ಅಧ್ಯಕ್ಷರೇ," ಎಂದರು ಸಾಹುಕಾರರು.

"ಆಯೋಗ ಬಲವಂತ ಮಾಡೋ ಹಾಗಿಲ್ಲ," ಎಂದರು ವಕೀಲರು. "ಸಲಹೆ ಮಾತ್ರ ಕೊಡಬಹುದು."

"ಹಾಗಾದ್ರೆ ಸಲಹೆ ಕೊಡ್ತಿದ್ದೀನಿ! ಕೊಡ್ರೀ!"

ಒಂದು ಕುರ್ಚಿ ಬಿತ್ತು. ಹಲ್ಲಿನ ಡಾಕ್ಟರು "ನಿಧಾನ, ನಿಧಾನ," ಎನ್ನುತ್ತಿದ್ದರು, ಯಾರಿಗೆ ಎಂದು ತಿಳಿಯಲಿಲ್ಲ. ಆಮೇಲೆ ಕಿಂಡಿಯಲ್ಲಿ ಅಧ್ಯಕ್ಷರ ಕೈ, ಕೈಯಲ್ಲಿ ಕೀಗೊಂಚಲು.

ಬ್ರೇಕಕ್ಕ ಅದನ್ನು ಕಸಿದುಕೊಂಡಳು. ಬಾಗಿಲು ತೆಗೆಯಲು ನಿಂತರೆ ಸಾಹುಕಾರರು ಬೆನ್ನ ಹಿಂದೆಯೇ ಬಿದ್ದು ಕೀ ಕಿತ್ತುಕೊಳ್ಳುತ್ತಾರೆ ಎಂದು ಹೊಳೆದು, ಖಜಾನೆಯ ಕೀಯನ್ನು ಅಟೆಂಡರನ ಟ್ರೇಯಲ್ಲಿ ಹಾಕಿದಳು. "ನನ್ನ ಕಾರು ತಿರುವು ದಾಟಿದ ಮೇಲೆ ತೆಗೀಪ್ಪ."

"ಆಗ್ಲಿ ಅಕ್ಕೋರೇ," ಎಂದ ಅಟೆಂಡರು. ಅವನು ನಿಧಾನದ ಮನುಷ್ಯ. ಮೊದಲು ಗ್ಲಾಸು ತೊಳೆಯಲು ಹೋದ.

ಡ್ರೈವಿಂಗ್ ಸ್ಕೂಲಿನ ಕಾರಿಗೆ ಒಂದು ಅನುಕೂಲವಿದೆ. ‘ಎಚ್ಚರಿಕೆ, ಕಲಿಯುವವರು’ ಎಂಬ ಬೋರ್ಡು ಕಂಡರೆ ಲಾರಿಯವನೂ ಜೀವಭಯದಿಂದ ದಾರಿ ಬಿಡುತ್ತಾನೆ. ತನ್ನ ವಿದ್ಯಾರ್ಥಿಗಳಿಗೆ ಯಾವುದನ್ನೆಲ್ಲ ಮಾಡಬೇಡಿ ಎಂದು ಹೇಳುತ್ತಿದ್ದಳೋ ಅದನ್ನೆಲ್ಲ ಮಾಡುತ್ತಾ ಬ್ರೇಕಕ್ಕ ಲಾಂಡ್ರಿಯ ಅಂಗಳಕ್ಕೆ ನುಗ್ಗಿದಳು. ಶಟರಿನ ಅಡಿಯಿಂದ ಹಬೆ ಬರುತ್ತಿತ್ತು. ಬಡಿತ ನಿಂತುಹೋಗಿತ್ತು. ಅದೇ ಅವಳನ್ನು ಹೆದರಿಸಿತು. ಗೊಂಚಲಿನಲ್ಲಿ ಶಟರಿನ ಕೀ ಯಾವುದೆಂದು ಅವಳಿಗೆ ಗೊತ್ತಾಗಲಿಲ್ಲ, ಮೇಸ್ತ್ರಿ ಹುಡುಕಿ ಕೊಟ್ಟ. ಶಟರು ಎದ್ದಿತು.

ಹೆಂಗಸರು ನೆಲದ ಮೇಲೆ ಮಲಗಿ, ಶಟರಿನ ಸಂದಿಗೆ ಮುಖವಿಟ್ಟು ಉಸಿರಾಡುತ್ತಿದ್ದರು. ಒದ್ದೆ ಬೆಡ್‌ಶೀಟುಗಳನ್ನು ತಲೆತುಂಬ ಹೊದ್ದಿದ್ದರಿಂದ ಯಾರು ಯಾರೆಂದು ಗೊತ್ತಾಗಲಿಲ್ಲ. ಒಬ್ಬೊಬ್ಬರನ್ನೇ ಎಳೆದರು. ಕೆಮ್ಮಿದರು, ಬೈದರು, ಒಬ್ಬಳು ಜೋರಾಗಿ ಅತ್ತಳು, ಇಬ್ಬರು ಯಾರನ್ನೂ ನೋಡದೆ ಸೀದಾ ಅಂಗಳದ ಕಕ್ಕಸಿಗೆ ಓಡಿದರು. ಮುಖ, ಕತ್ತು ಬೆಂದವರಿದ್ದರು. ಅವರನ್ನು ಕಾರಿಗೆ ಹತ್ತಿಸಿದರು. ಬ್ಯಾಂಡೇಜಿನ ಕೈ ಕೊನೆಗೆ ಕಾಣಿಸಿತು. ಬ್ರೇಕಕ್ಕ ತಂಗಿಯನ್ನು ತಬ್ಬಿಕೊಂಡು ಅಂಗಳದಲ್ಲೇ ಕುಸಿದಳು, ನಾಚಿಕೆಯಿಲ್ಲದೆ ಅತ್ತಳು.

"ನಿಮ್ಮ ಆಯೋಗ ಬಂತಾ ಅಕ್ಕ?" ಎಂದಳು ತಂಗಿ, ಕೆಮ್ಮಿನ ನಡುವೆ.

"ಇಲ್ಲ ಕಣೇ. ಕೀ ಬಂತು."

ಮರುದಿನದ ಪತ್ರಿಕೆಯಲ್ಲಿ ‘ಆಯೋಗದ ಸಕಾಲಿಕ ಸಲಹೆ: ತಪ್ಪಿದ ಅನಾಹುತ’ ಎಂದು ಬಂತು. ಅಧ್ಯಕ್ಷರ ಫೋಟೋ ಇತ್ತು. ಒಂದು ಲೆಕ್ಕಕ್ಕೆ ಸುದ್ದಿ ಸುಳ್ಳಲ್ಲ. ಸಲಹೆ ಕೊಟ್ಟಿದ್ದಂತೂ ನಿಜ. ಅಟೆಂಡರು ಗ್ಲಾಸು ತೊಳೆದು, ಒರೆಸಿ, ಜೋಡಿಸಿಟ್ಟು ಬಾಗಿಲು ತೆಗೆಯುವ ಹೊತ್ತಿಗೆ ಅಧ್ಯಕ್ಷರಿಗೆ ಹೊರಗೆ ಹೋಗುವ ಅಗತ್ಯ ಉಳಿದಿರಲಿಲ್ಲ ಎಂಬುದನ್ನು ಪತ್ರಿಕೆಯವರು ಬರೆಯಲಿಲ್ಲ. ಕೋಣೆಯನ್ನು ಫಿನಾಯಿಲ್ ಹಾಕಿ ತೊಳೆದವನೂ ಅಟೆಂಡರೇ.

ಲಾಂಡ್ರಿಯಲ್ಲಿ ಹೊಸ ಪೈಪು ಬಂತು, ಜೊತೆಗೆ ಹೊಸ ಬೀಗವೂ ಬಂತು. ಹೆಂಗಸರು ಒಳಗೆ ಕಾಲಿಡಲಿಲ್ಲ. ಬೀಗ ನಮ್ಮ ಕೈಗೆ ಕೊಡಿ, ಸಂಜೆ ವಾಪಸ್ ಕೊಡ್ತೀವಿ ಎಂದು ಅಂಗಳದಲ್ಲಿ ಕೂತರು. ಆಸ್ಪತ್ರೆಯವರು ಬೆಡ್‌ಶೀಟು ಎಲ್ಲಿ ಎಂದು ಕೇಳತೊಡಗಿದಾಗ ಸಾಹುಕಾರರು ಹಲ್ಲು ಕಚ್ಚಿ ಒಪ್ಪಿದರು. ಅಂದಿನಿಂದ ಬೆಳಗ್ಗೆ ಬೀಗ ತಂಗಿಯ ಊಟದ ಚೀಲಕ್ಕೆ ಬೀಳುತ್ತಿತ್ತು. ಯಾವ ಆಯೋಗವೂ ಈ ಸಲಹೆ ಕೊಟ್ಟಿರಲಿಲ್ಲ.

ಆಯೋಗ ಮುಂದಿನ ಸಭೆಯನ್ನು ತುರ್ತಾಗಿ ಕರೆಯಿತು. ಬ್ರೇಕಕ್ಕ ಹೋದಾಗ ಬಡಗಿ ಖಜಾನೆ ಬಾಗಿಲಿನ ಪಟ್ಟಿ ಕಿತ್ತುಹಾಕಿ ಒಳಗಡೆ ಚಿಲಕ ಕೂರಿಸುತ್ತಿದ್ದ. ಲಾಂಡ್ರಿಯ ದೂರು ಅಂದಿನ ವಿಷಯವಾಗಿರಲಿಲ್ಲ. ಅದನ್ನು ಮುಂದಕ್ಕೆ ಹಾಕಿದ್ದರು. ವಿಷಯ ಬ್ರೇಕಕ್ಕನೇ. ಗೌರವಾನ್ವಿತ ಸದಸ್ಯರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಕೂಡಿಹಾಕಿದ್ದು, ಅದರಿಂದ ಒಬ್ಬರ ಘನತೆಗೆ ಸರಿಪಡಿಸಲಾಗದ ಧಕ್ಕೆಯಾದದ್ದು.

"ಒಳಗಿದ್ದೋರೆಲ್ಲಾ ನೀವೇ," ಎಂದಳು ಬ್ರೇಕಕ್ಕ. "ನಿಮಗೆಲ್ಲಾ ಈ ವಿಷಯದಲ್ಲಿ ಸಂಬಂಧ ಇದೆ. ನಿಯಮದ ಪ್ರಕಾರ ನೀವೆಲ್ಲಾ ಹೊರಗೆ ಹೋಗ್ಬೇಕು, ನಾನು ಒಬ್ಬಳೇ ಕೂತು ತೀರ್ಮಾನ ಮಾಡ್ಬೇಕು. ಅಲ್ವಾ?"

ವಕೀಲರು ಗಂಟಲು ಸರಿಮಾಡಿಕೊಂಡರು. "ಸಂಬಂಧ ಇರೋರು ಬೇರೆ, ನೊಂದೋರು ಬೇರೆ ಮೇಡಂ."

"ಲಾಂಡ್ರಿಯೋರು?"

"ಅವರದು ಪರಿಶೀಲನೆಯಲ್ಲಿದೆ."

ಅಧ್ಯಕ್ಷರು ಎದ್ದು ನಿಂತು ಮಾತಾಡಿದರು. ಬೀಗ ಹಾಕಿದ ಬಾಗಿಲಿನ ಒಳಗೆ ಮನುಷ್ಯ ಮನುಷ್ಯನಾಗಿ ಉಳಿಯುವುದಿಲ್ಲ, ಹೊರಗೆ ಕೀ ಹಿಡಿದು ನಿಂತವರಿಗೆ ಅದು ಎಂದೂ ಅರ್ಥವಾಗುವುದಿಲ್ಲ ಎಂದರು. ಅವರ ಕಣ್ಣಲ್ಲಿ ನಿಜವಾದ ನೀರಿತ್ತು. ಸಾಹುಕಾರರು ಮೇಜು ತಟ್ಟಿ ಅನುಮೋದಿಸಿದರು. ಬ್ರೇಕಕ್ಕನಿಗೆ ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಎಷ್ಟು ಚೆನ್ನಾಗಿ ಗೊತ್ತಿದೆ ಇವರಿಗೆ! ಪಕ್ಕದ ಬೀದಿಯ ಬಾಗಿಲಿಗೆ ಮಾತ್ರ ಅದು ಅನ್ವಯಿಸುವುದಿಲ್ಲ.

ಆಯೋಗ ಹುಟ್ಟಿದಂದಿನಿಂದ ಯಾವ ದೂರಿನಲ್ಲೂ ಹಕ್ಕು ಉಲ್ಲಂಘನೆಯಾಗಿದೆ ಎಂದು ಹೇಳಿರಲಿಲ್ಲ. ಅಂದು ಮೊದಲ ಬಾರಿಗೆ, ಒಮ್ಮತದಿಂದ, ಹೇಳಿತು. ಉಲ್ಲಂಘಿಸಿದವಳು ಬ್ರೇಕಕ್ಕ. ಹಲ್ಲಿನ ಡಾಕ್ಟರು ಈ ಸಲ ತಲೆ ಆಡಿಸಲಿಲ್ಲ, ಕೈ ಎತ್ತಿದರು.

ಸಂಜೆ ತಂಗಿ ಕೆಲಸದಿಂದ ನೇರ ಅಕ್ಕನ ಮನೆಗೆ ಬಂದಳು. ಅಂದು ಸಾಹುಕಾರರು ಆಯೋಗದಿಂದ ಲಾಂಡ್ರಿಗೆ ಮರಳಿಯೇ ಇರಲಿಲ್ಲವಾದ್ದರಿಂದ ಬೀಗ ಅವಳ ಚೀಲದಲ್ಲೇ ಉಳಿದಿತ್ತು. ಸುದ್ದಿ ಆಗಲೇ ಕಿವಿಗೆ ಬಿದ್ದಿತ್ತು. ಬಾಗಿಲಲ್ಲೇ ನಿಂತು ಕೇಳಿದಳು.

"ತಪ್ಪು ನಿಂದೇ ಅಂತ ಆಯ್ತಂತೆ?"

"ಹೂಂ. ಒಮ್ಮತದಿಂದ."

"ಶಿಕ್ಷೆ ಏನಕ್ಕ? ತೆಗೆದು ಹಾಕಿದ್ರಾ? ಪೊಲೀಸಿಗೆ ಕೊಡ್ತಾರಾ?" ತಂಗಿಯ ಮುಖ ಬಿಳಿಚಿಕೊಂಡಿತ್ತು.

"ಅವರ ಕೈಲಿ ಅದೆಲ್ಲಾ ಎಲ್ಲಿದೆಯೇ? ಇನ್ನು ಮುಂದೆ ಬೀಗ ಹಾಕ್ಬೇಡಿ ಅಂತ ಸಲಹೆ ಕೊಟ್ಟಿದ್ದಾರೆ."

"ಸಲಹೆ?"

"ಸಲಹೆ."

ತಂಗಿ ಅಕ್ಕನ ಮುಖವನ್ನೇ ನೋಡಿದಳು. ಆಮೇಲೆ ಊಟದ ಚೀಲಕ್ಕೆ ಕೈಹಾಕಿ, ಲಾಂಡ್ರಿಯ ಬೀಗವನ್ನು ತೆಗೆದು ಮೇಜಿನ ಮೇಲೆ ಇಟ್ಟಳು.

"ಹಾಗಾದ್ರೆ ಇದನ್ನ ತಗೊಂಡ್ಹೋಗು," ಎಂದಳು. "ಇನ್ನೊಂದು ಸಭೆ ಯಾವಾಗ?"